ಒಂದೆಳೆಯ ಒಲೆ

ಅನ್ನಕ್ಕಿಟ್ಟ ಹೊತ್ತಿನಲ್ಲಿ ನಾನು ಅಂಗಳದ ಕಲ್ಲಿನ ಮೇಲೆ ಕೂತಿರುತ್ತೇನೆ. ಒಲೆ ಉರಿಯುತ್ತಿರುವಷ್ಟು ಹೊತ್ತು ಒಳಗೆ ಕಾಲಿಡುವಂತಿಲ್ಲ. ಮೊದಮೊದಲು ಕೈ ಸುಮ್ಮನಿರುತ್ತಿರಲಿಲ್ಲ. ಹರಿದ ಬಟ್ಟೆಗೆ ತೇಪೆ ಹಚ್ಚುವುದು, ಬೇಳೆ ಆರಿಸುವುದು, ಹೀಗೆ ಏನಾದರೊಂದು ಹಿಡಿದುಕೊಂಡು ಬರುತ್ತಿದ್ದೆ. ಈಗ ಮಗಳು ಚಂಪಿಯ ಶಾಲೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಿವೆ, ಅದನ್ನು ತಂದು ಇದನ್ನು ಬರೆಯುತ್ತೇನೆ. ಅನ್ನ ಬೇಯಲು ಒಂದು ತಾಸು ಹಿಡಿಯುತ್ತದೆ. ಮೊದಲು ಅರ್ಧ ತಾಸು ಸಾಕಾಗುತ್ತಿತ್ತು. ಆಗ ನಮ್ಮ ಬಲೆಯಲ್ಲಿ ಎಳೆಗಳು ಹೆಚ್ಚಿದ್ದವು.

ನಮ್ಮೂರಿನಲ್ಲಿ ಬೆಂಕಿ ತಾನಾಗಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿ ಮುರಿಯುತ್ತದೆ, ಅಷ್ಟೆ. ಹಿತ್ತಲಿನ ಗಾಳಿಬಾವಿಯಿಂದ ಉರಿಗಾಳಿ ಮಣ್ಣಿನ ಕೊಳವೆಯೊಳಗೆ ಹಾದು ಒಲೆಯ ಬಾಯಿಗೆ ಬರುತ್ತದೆ. ಅದರ ಮೇಲೆ ಬಿಳಿಯ ಬಲೆ ಇಟ್ಟರೆ ಬಲೆ ಮೊದಲು ಮಂಕಾಗಿ ಕೆಂಪೇರುತ್ತದೆ, ಆಮೇಲೆ ಉರಿ ಏಳುತ್ತದೆ. ಬಲೆ ಮಾತ್ರ ಸುಡುವುದಿಲ್ಲ, ಕರಗುವುದಿಲ್ಲ, ಕೂದಲೆಳೆಯಷ್ಟೂ ಸವೆಯುವುದಿಲ್ಲ. ಒಲೆ ಆರಿದ ಮೇಲೆ ಒರೆಸಿಟ್ಟರೆ ಬೆಳಿಗ್ಗೆ ಇದ್ದಷ್ಟೇ ಬಿಳುಪು. ಪುಸ್ತಕದಲ್ಲಿ ಅದಕ್ಕೆ ಪ್ಲಾಟಿನಂ ಎಂಬ ಹೆಸರಿದೆ. ನಾವು ಬಿಳಿ ಎನ್ನುತ್ತೇವೆ. ಗೇಣುದ್ದದ ಒಂದು ಎಳೆ ಎಂದರೆ ಒಬ್ಬ ಮನುಷ್ಯ. ಬಲೆಯಲ್ಲಿ ಎಷ್ಟು ಎಳೆಯೋ ಮನೆಯೊಳಗೆ ಅಷ್ಟೇ ಜನ. ಒಬ್ಬರು ಹೆಚ್ಚಾದರೂ ಬೆಂಕಿ ಆರಿಹೋಗುತ್ತದೆ.

ಅದಕ್ಕೇ ನೆಂಟರು ಬಂದರೆ ಮೊದಲು ಮಣಿಕಟ್ಟಿಗೆ ಸುತ್ತಿಕೊಂಡ ಎಳೆಯನ್ನು ಬಿಚ್ಚಿ ಮನೆಯ ಬಲೆಗೆ ಸಿಕ್ಕಿಸುತ್ತಾರೆ, ಆಮೇಲೆ ಕಾಲಿಗೆ ನೀರು ಕೇಳುತ್ತಾರೆ. ಮದುವೆಯಾದ ಹುಡುಗಿ ತವರಿನ ಬಲೆಯಿಂದ ತನ್ನ ಎಳೆ ಬಿಡಿಸಿಕೊಂಡು ಬರುತ್ತಾಳೆ. ಹೊರಡುವ ಮುಂಚೆ ತಾಯಿ ಆ ಎಳೆಯನ್ನು ಒಮ್ಮೆ ಹಲ್ಲಿನಿಂದ ಕಚ್ಚಿ ಗುರುತು ಮಾಡಿ ಕೊಡುವುದು ಪದ್ಧತಿ. ಊರಿನಲ್ಲಿ ಇರುವ ಬಿಳಿ ಇರುವಷ್ಟೇ, ಹೊಸದು ಎಲ್ಲಿಂದಲೂ ಬರುವುದಿಲ್ಲ. ಸತ್ತವರ ಎಳೆಯನ್ನು ಎಳೆಗಾರ ಮೋನಪ್ಪ ಬಂದು ಚಿಮಟದಿಂದ ಬಿಡಿಸಿಕೊಂಡು ಹೋಗುತ್ತಾನೆ. ಹುಟ್ಟುವ ಕೂಸುಗಳಿಗೆ ಅದು ಸರದಿಯ ಪ್ರಕಾರ ಸೇರುತ್ತದೆ. ಸರದಿ ಉದ್ದ. ಹಾಗಾಗಿ ವಯಸ್ಸಾದವರು ಬದುಕಿರುವಾಗಲೇ ತಮ್ಮ ಎಳೆಯನ್ನು ಯಾವುದಾದರೂ ಕೂಸಿಗೆ ಬಿಟ್ಟುಕೊಟ್ಟು, ಒಲೆ ಉರಿಯುವ ಹೊತ್ತಿಗೆ ಅಂಗಳದ ಕಲ್ಲಿನ ಮೇಲೆ ಬಂದು ಕೂರುತ್ತಾರೆ. ಪ್ರತಿ ಮನೆಯ ಮುಂದೆಯೂ ಅಂಥದ್ದೊಂದು ಕಲ್ಲಿದೆ. ಮುದುಕರು ಕೂತು ಕೂತು ಅದರ ನಡು ತಗ್ಗಾಗಿರುತ್ತದೆ. ನನಗೆ ಮೂವತ್ತಾರು ವರ್ಷ.

ನಮ್ಮ ಅತ್ತೆ ಚನಬಸವ್ವ ತಮ್ಮ ಎಳೆಯನ್ನು ಎದುರುಮನೆಯ ಲಗಮವ್ವನ ಕೂಸಿಗೆ ಮುಡಿಪು ಮಾಡಿದ್ದರು. ಲಗಮವ್ವನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಬಸಿರು. ಅವಳ ಕುಬಸದ ದಿನ ಹೆಂಗಸರೆಲ್ಲ ಕೂಡಿದ್ದಾಗ ಅತ್ತೆ ಎದ್ದು ಹೋಗಿ ಅವಳ ಬಲಗೈಗೆ ಹಸಿರು ದಾರ ಕಟ್ಟಿದರು. ಕೂಸು ಹುಟ್ಟಿದ ದಿನ ದಾರ ಬಿಚ್ಚಿ ಎಳೆ ಕೊಡುವುದು, ಅದು ಮಾತು. "ನನ್ನ ಎಳಿ ನಿನ್ನ ಕೂಸಿಗೆ ಬಂತವ್ವ ಲಗಮಿ," ಎಂದರು ಅತ್ತೆ. "ಸಾಕಾಗೇತಿ ನನಗ ಒಳಗಿನ ಸೆಕಿ. ಹೊರಗ ಕುಂತು ಹೋಗೋರು ಬರೋರನ್ನ ಬೈಕೊಂತ ಇರ್ತೀನಿ." ಹೆಂಗಸರು ನಕ್ಕರು. "ಒಳಗ ಕುಂತೂ ಬೈತಿದ್ದಿ, ಈಗೇನು ಹೊಸದು?" ಎಂದಳು ಯಾರೋ ಒಬ್ಬಳು. ಲಗಮವ್ವ ನಗಲಿಲ್ಲ. ದಾರದ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡು ಕೂತಿದ್ದಳು. ಮರುದಿನ ಅತ್ತೆ ನಮ್ಮ ಅಂಗಳದ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದರು. ತಮಗಾಗಿ ತೊಳೆದದ್ದು ಅದು.

ಆ ವಾರವೇ ಚಂಪಿ ಶಾಲೆಗೆ ಹೊರಡುವಾಗ, "ಅವ್ವಾ, ಲಂಗದ ಲಾಡಿ ಬಿಗಿ ಆಗಾಕತ್ತೇತಿ," ಎಂದಳು. ಹನ್ನೆರಡು ವರ್ಷದ ಹುಡುಗಿ, ಬೆಳೆಯುತ್ತಿದ್ದಾಳೆ ಎಂದುಕೊಂಡು ಲಾಡಿ ಸಡಿಲಿಸಲು ಕೈಯಿಟ್ಟೆ. ಹೊಟ್ಟೆಯ ಬಲಗಡೆ ನೆಲ್ಲಿಕಾಯಿಯಂಥ ಗಂಟು ಕೈಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ ಎಂದಳು. ಎರಡು ವಾರದಲ್ಲಿ ಅದು ನಿಂಬೆಹಣ್ಣಾಯಿತು.

ಡಾಕ್ಟರ್ ಅನುಸೂಯಾಬಾಯಿ ನಮ್ಮೂರಿನವರೇ. ಸುತ್ತಿ ಬಳಸಿ ಮಾತಾಡುವವರಲ್ಲ. ಚಂಪಿಯನ್ನು ಅಂಗಳದಲ್ಲಿ ಆಡಲು ಕಳಿಸಿ ನಮ್ಮ ಮೂವರನ್ನು, ನನ್ನನ್ನು, ನಮ್ಮ ಮನೆಯವರನ್ನು, ಅತ್ತೆಯನ್ನು ಕೂಡಿಸಿಕೊಂಡರು. "ಇದಕ್ಕ ಔಷಧ ಐತಿ. ಅದನ್ನ ಬಿಳಿಯಿಂದನ ಮಾಡಬೇಕು. ಗಂಟಿನೊಳಗಿನ ಕಣ ಒಂದು ಎರಡಾಗಿ ಎರಡು ನಾಕಾಗಿ ಬೆಳೀತಾವ. ಬಿಳಿ ಒಳಗ ಹೋಗಿ ಅದನ್ನ ತಡೀತೈತಿ. ಒಂದು ಎಳಿ ಬೇಕು."

"ಆಮ್ಯಾಲ ಎಳಿ?" ಎಂದು ಅತ್ತೆ ಕೇಳಿದರು.

"ಆಮ್ಯಾಲ ಇಲ್ಲ. ಮೈಯಾಗ ಹೋಗಿ ಉಚ್ಚಿಯಾಗ ಹೋಗ್ತೈತಿ."

ನಮ್ಮ ಮನೆಯವರು ಮಣಿಕಟ್ಟಿನ ಎಳೆ ಬಿಚ್ಚಿ ಮೇಜಿನ ಮೇಲಿಟ್ಟರು. ಅವರು ಗಾಜಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಒಡೆದ ಗಾಜಿನಿಂದ ಬಿಡಿಸಿದ, ಭಟ್ಟಿಯ ಲೆಕ್ಕದ ಬಿಳಿಯ ತಂತಿಯನ್ನೇ ಮತ್ತೆ ಬಿಸಿಗಾಜಿನೊಳಗೆ ಕೂರಿಸುವ ಕೆಲಸ. ಬೇರೆ ತಂತಿ ಹಾಕಿದರೆ ಆರುವಾಗ ಗಾಜು ಸೀಳುತ್ತದೆ. ಬಿಳಿ ಮಾತ್ರ ಗಾಜು ಹಿಗ್ಗಿದಷ್ಟೇ ಹಿಗ್ಗಿ ಗಾಜು ಕುಗ್ಗಿದಷ್ಟೇ ಕುಗ್ಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನನಗೆ ಹೇಳಿದ್ದರು. ಆ ಭಟ್ಟಿಯಲ್ಲಿ ನಲವತ್ತು ಜನ, ನಲವತ್ತು ಎಳೆ. ಅತ್ತೆ ಮಗನ ಎಳೆಯನ್ನು ಎತ್ತಿ ಅವನ ಕೈಗೇ ಸುತ್ತಿದರು. "ಇದಿಲ್ಲದ ನೀ ಭಟ್ಟಿಯೊಳಗ ಹೋದ್ರ ನಲವತ್ತು ಮಂದಿ ಉರಿ ಆರ್ತೈತಿ. ನಾಳೆ ತಿನ್ನೂದು ಗಾಜಿನ ಚೂರು."

"ಚಂಪಿದು ತೆಗೀಲಿಕ್ಕೆ ಬರೂದಿಲ್ಲ," ಎಂದರು ಡಾಕ್ಟರ್. "ಆಕಿ ಒಳಗ ಬೆಚ್ಚಗ ಇರಬೇಕು."

"ಅತ್ತೀದು ಮುಡಿಪಾಗೇತಿ," ಎಂದೆ ನಾನು. "ನಂದು ತಗೋರಿ."

ಮೋನಪ್ಪ ಬಂದು ಒಲೆಯ ಮುಂದೆ ಕೂತು ಬಲೆಯನ್ನು ಮಡಿಲಲ್ಲಿ ಹರವಿಕೊಂಡ. "ಸತ್ತೋರ್ದು ತೆಗದೀನಿ, ಮುದುಕರ್ದು ತೆಗದೀನಿ," ಎಂದ. "ನಿನ್ನಂಥಾಕೀದು ಇದ ಮೊದಲು, ಶಾವಂತ್ರವ್ವ. ಯಾವುದು ನಿಂದು, ಗುರುತು ಸಿಗತೈತೇನು?" ನಮ್ಮವ್ವ ಕಚ್ಚಿದ ಗುರುತು ತೋರಿಸಿದೆ. ಎರಡು ಹಲ್ಲಿನ ಸಣ್ಣ ತಗ್ಗು. ಹದಿನಾರು ವರ್ಷ ಉರಿಯಲ್ಲಿದ್ದರೂ ಹಾಗೇ ಇತ್ತು. ಅವನು ಅದನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟಾಗ, ಅಷ್ಟು ತೆಳ್ಳಗಿನ ಎಳೆ ಇಷ್ಟು ಭಾರವೇ ಅನ್ನಿಸಿತು. ಬೆಳ್ಳಿಯ ಎರಡರಷ್ಟು ತೂಕ ಎಂದು ಚಂಪಿ ಶಾಲೆಯ ಪಾಠ ಒಪ್ಪಿಸುತ್ತಿದ್ದದ್ದು ನೆನಪಾಯಿತು.

ಅದೇ ದಿನ ಮಧ್ಯಾಹ್ನ ಮರೆತು, ಹಿತ್ತಲಿಂದ ಕೊಡ ಹೊತ್ತುಕೊಂಡು ನೇರ ಅಡುಗೆಮನೆಗೆ ನಡೆದುಬಿಟ್ಟೆ. ಅತ್ತೆ ರೊಟ್ಟಿ ಬೇಯಿಸುತ್ತಿದ್ದರು. ಉರಿ ಫಕ್ಕನೆ ಆರಿತು. ಹೆಂಚಿನ ಮೇಲೆ ಅರೆಬೆಂದ ರೊಟ್ಟಿ, ಮುಂದೆ ಕೊಡ ಹೊತ್ತ ನಾನು. ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿ, "ಸೊಸೀನ ಹೊರಗ ಹಾಕಬೇಕಂತ ಹದಿನಾರು ವರ್ಷದಿಂದ ಕಾದಿದ್ದೆ," ಎಂದರು. "ನಡಿ ಹೊರಗ. ಕಲ್ಲು ತೊಳದೇನಿ, ಸ್ವಚ್ಛ ಐತಿ." ಚಂಪಿ ಹಾಸಿಗೆಯಲ್ಲೇ ನಕ್ಕಳು. ನಾನೂ ನಕ್ಕೆ. ಹೊರಗೆ ಬಂದು ಕೂತ ಮೇಲೆ ಕಲ್ಲು ತಣ್ಣಗಿದೆ ಎಂದು ಗೊತ್ತಾಯಿತು.

ಔಷಧ ಮಾಡುವುದನ್ನು ನಾನು ನೋಡಿದೆ. ಡಾಕ್ಟರ್ ಎಳೆಯನ್ನು ಗಾಜಿನ ಬಟ್ಟಲಲ್ಲಿಟ್ಟು ಒಂದು ಆಮ್ಲ ಸುರಿದರು. ಏನೂ ಆಗಲಿಲ್ಲ. ಎಳೆಯನ್ನು ತೊಳೆದು ಇನ್ನೊಂದು ಆಮ್ಲದಲ್ಲಿಟ್ಟರು. ಆಗಲೂ ಇಲ್ಲ. "ಒಬ್ಬೊಬ್ಬರಿಗೆ ಇದು ಬಗ್ಗೂದಿಲ್ಲ," ಎಂದು ಎರಡನ್ನೂ ಕೂಡಿಸಿ ಬಿಸಿ ಮಾಡಿದರು. ಆಗ ಗುಳ್ಳೆಗಳೆದ್ದವು. ಸಂಜೆಯ ಹೊತ್ತಿಗೆ ಬಟ್ಟಲಲ್ಲಿ ಕಿತ್ತಳೆ ಬಣ್ಣದ ನೀರು ಮಾತ್ರ ಇತ್ತು. ನಮ್ಮವ್ವನ ಹಲ್ಲಿನ ಗುರುತು ಯಾವಾಗ ಹೋಯಿತೋ ನಾನು ನೋಡುತ್ತಿದ್ದರೂ ಕಾಣಲಿಲ್ಲ. ಒಂಬತ್ತು ದಿನ ಬಿಟ್ಟು ಕರೆಸಿ ಚಿಟಿಕೆ ಹಳದಿ ಪುಡಿ ತೋರಿಸಿದರು. ಅದನ್ನು ಉಪ್ಪುನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿ, ಬಾಟಲಿಗೆ ಕಪ್ಪು ಕಾಗದ ಸುತ್ತಿ ನನ್ನ ಕೈಗೆ ಕೊಟ್ಟರು. "ಐದೈದು ದಿನದ ಎರಡು ಸರ್ತಿಗೆ ಸಾಕಾಗ್ತೈತಿ. ದಿನಾ ನಾನ ಬಂದು ನರಕ್ಕ ಏರಸ್ತೀನಿ. ಬೆಳಕು ಬೀಳಬಾರ್ದು, ತಂಡಿಯಾಗ ಇಡಬಾರ್ದು. ಇಷ್ಟ ನೆನಪಿಡು."

ಮೊದಲ ದಿನದ್ದು ಸರಿಯಾಗಿ ಏರಿತು. ಚಂಪಿ ಎಂಟು ಸಲ ವಾಂತಿ ಮಾಡಿಕೊಂಡಳು. ಎಂಟನೆಯ ಸಲ ಬೋಗುಣಿ ಹಿಡಿಯಲು ಓಡುವಾಗ ನನ್ನ ಕೈಯಿಂದ ನೀರಿನ ತಂಬಿಗೆ ಜಾರಿತು. ನೀರೆಲ್ಲ ಬಾಟಲಿಯ ಮೇಲೆ ಬಿದ್ದು ಕಪ್ಪು ಕಾಗದ ಕಿತ್ತುಬಂತು. ಕಿಟಕಿಯ ಬಿಸಿಲು ನೇರ ಅದರ ಮೇಲೆ. ಬೆಳಕು ಬೀಳಬಾರದು ಎಂದಿದ್ದರಲ್ಲ. ಸುತ್ತಲೂ ನೋಡಿದೆ. ಚಂಪಿ ಶಾಲೆಗೆ ಬುತ್ತಿ ಒಯ್ಯುವ ಅಲ್ಯೂಮಿನಿಯಂ ಡಬ್ಬಿ ತೊಳೆದು ಬೋರಲು ಹಾಕಿತ್ತು. ಮುಚ್ಚಳ ಬಿಗಿ, ಒಳಗೆ ಕತ್ತಲೆ. ಔಷಧವನ್ನು ಅದಕ್ಕೆ ಸುರಿದು ಮುಚ್ಚಿ, ಬೆಚ್ಚಗಿರಲೆಂದು ನನ್ನ ಹಳೆಯ ಸೀರೆಯಲ್ಲಿ ಸುತ್ತಿಟ್ಟೆ.

ಎರಡನೆಯ ಯೋಚನೆ ನನಗೆ ಬರಲಿಲ್ಲ. ನಮ್ಮೂರಿನಲ್ಲಿ ಯಾರಿಗೂ ಬರುತ್ತಿರಲಿಲ್ಲವೇನೋ. ತೊಟ್ಟಿಲಲ್ಲಿ ಕೇಳಿಸಿಕೊಂಡು ಬೆಳೆದ ಮಾತದು: ಬಿಳಿಗೆ ಹುಳಿಯಿಲ್ಲ, ಬಿಳಿಗೆ ತುಕ್ಕಿಲ್ಲ, ಯಾವ ಪಾತ್ರೆಯಲ್ಲಿಟ್ಟರೂ ಬಿಳಿ ಬಿಳಿಯೇ. ಮಜ್ಜಿಗೆಯಲ್ಲಿ ಬಿದ್ದ ಎಳೆಯನ್ನು ತಿಂಗಳು ಬಿಟ್ಟು ತೆಗೆದರೂ ಹೊಳೆಯುತ್ತದೆ. ಹುಣಸೆಹಣ್ಣಿನ ಗಡಿಗೆಯಲ್ಲಿ, ಸುಣ್ಣದ ಗುಂಡಿಯಲ್ಲಿ, ಸಗಣಿಯಲ್ಲಿ ಬಿದ್ದದ್ದನ್ನೂ ತೊಳೆದು ಬಲೆಗೆ ಸಿಕ್ಕಿಸಿದ್ದೇವೆ. ಕರಗಿದ ಮೇಲೆ ಅದು ಬೇರೆಯೇ ಒಂದು ವಸ್ತು ಎಂದು ನನಗೆ ಯಾರು ಹೇಳಬೇಕಿತ್ತು?

ಮರುದಿನ ಡಾಕ್ಟರ್ ಬಂದು ಬಾಟಲಿ ಕೇಳಿದರು. ನಾನು ಸೀರೆಯ ಗಂಟು ಬಿಚ್ಚಿ ಡಬ್ಬಿ ಕೊಟ್ಟೆ. ಅವರು ಮುಚ್ಚಳ ತೆಗೆದು ನೋಡಿ ಹಾಗೇ ನಿಂತರು. ಡಬ್ಬಿಯ ತಳದಲ್ಲಿ ಕಾಡಿಗೆಯಂಥ ಕಪ್ಪು ಕೂತಿತ್ತು. ಮೇಲೆ ಬರಿಯ ನೀರು. ನಾನು, "ಕಲಕಿದ್ರ ಸರಿ ಆಗೂದಿಲ್ಲೇನ್ರಿ?" ಎಂದು ಕೇಳಿದೆ. ಅವರು ಚಂಪಿಯ ಹಾಸಿಗೆಯ ತುದಿಯಲ್ಲಿ ಕೂತರು. "ಬೆಳಕು ಅಂತ ಹೇಳ್ದೆ. ತಂಡಿ ಅಂತ ಹೇಳ್ದೆ. ಡಬ್ಬಿ ಅಂತ ಹೇಳಲಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ದಿನದ ಔಷಧಕ್ಕ ಗಂಟು ಬಗ್ಗೂದಿಲ್ಲ. ಇನ್ನೊಂದು ಎಳಿ ಬೇಕು. ಕೇಳಿದೋರಿಗೆ ಜಡ್ಡಿಗೆ ಎರಡು ಎಳಿ ಬೇಕಾದವು ಅಂತ ಹೇಳ್ತೀನಿ. ನೀನೂ ಹಂಗ ಅನ್ನು," ಎಂದರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಸೆರಗು ಹೊದ್ದುಕೊಂಡು, "ಬಾ ನನ್ನ ಸಂಗಾಟ," ಎಂದರು.

ಲಗಮವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊಟ್ಟೆ ಮೊರಕ್ಕೆ ತಾಗುತ್ತಿತ್ತು. ನಮ್ಮಿಬ್ಬರನ್ನೂ ನೋಡಿ ಕೈ ನಿಲ್ಲಿಸಿದಳು.

"ದಾರ ಬಿಚ್ಚವ್ವ ಲಗಮಿ," ಎಂದರು ಅತ್ತೆ.

ಅವಳು ಮೊದಲು ಮಣಿಕಟ್ಟು ನೋಡಿಕೊಂಡಳು, ಆಮೇಲೆ ಅತ್ತೆಯ ಮುಖ. "ಯಾಕ?"

"ಚಂಪಿ ಜಡ್ಡಿಗೆ ಒಂದು ಎಳಿ ಸಾಲಲಿಲ್ಲಂತ. ಎರಡು ಬೇಕಂತ."

ನಾನು ಜೋಳ ನೋಡುತ್ತ ನಿಂತಿದ್ದೆ. ಲಗಮವ್ವ ಒಂದು ಹಳ್ಳು ಆರಿಸಿ ದೂರ ಎಸೆದಳು. "ನಾನಾಗಿ ಬಿಚ್ಚೂದಿಲ್ಲ, ಅತ್ತಿ. ಕಟ್ಟಿದಾಕಿ ನೀ. ನೀನ ಬಿಚ್ಚು," ಎಂದು ಕೈ ಮುಂದೆ ಚಾಚಿದಳು. ಅತ್ತೆ ಬಗ್ಗಿದರು. ಎಷ್ಟು ದಿನದ ನೀರು ಕುಡಿದ ಗಂಟೋ, ಅವರ ಬೆರಳಿಗೆ ಅದು ಸಿಗಲೇ ಇಲ್ಲ. ಉಗುರು ಹಾಕಿದರು, ಕಣ್ಣಿನ ಹತ್ತಿರ ತಂದರು. ಕೊನೆಗೆ ಹಿಂದೆ ಸರಿದು ನನ್ನತ್ತ ನೋಡಿದರು. ನಾನು ಕೂತು ಬಿಚ್ಚಿದೆ. ಲಗಮವ್ವನ ಕೈ ಬೆಚ್ಚಗಿತ್ತು. ದಾರ ಬಂದ ಜಾಗದಲ್ಲಿ ಚರ್ಮ ಬಿಳಿಚಿಕೊಂಡು ಒಂದು ಗೆರೆ ಉಳಿದಿತ್ತು.

"ಚಂಪಿಗೆ ಎಷ್ಟು ವರ್ಷ?" ಎಂದಳು.

"ಹನ್ನೆರಡು."

"ಹನ್ನೆರಡು ವರ್ಷ ಮಾರಿ ನೋಡೀರಿ ಆಕೀದು. ನನ್ನ ಕೂಸಿನ ಮಾರಿ ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಹಂಗಾಗಿ ಕಸಗೊಳ್ಳಾಕ ಹಗುರ," ಎಂದು ಮೊರ ಎಳೆದುಕೊಂಡು ಮತ್ತೆ ಜೋಳ ಕೇರತೊಡಗಿದಳು.

ಅತ್ತೆಯ ಎಳೆಯಿಂದ ಮಾಡಿದ ಎರಡನೆಯ ಔಷಧ ಬಾಟಲಿಯಲ್ಲೇ ಇತ್ತು. ಡಾಕ್ಟರ್ ಅದನ್ನು ಕೈಚೀಲದಲ್ಲೇ ಹೊತ್ತು ತಂದು ಹೊತ್ತುಕೊಂಡೇ ಹೋಗುತ್ತಿದ್ದರು. ಐದು ದಿನ ಏರಿಸಿ, ಮೂರು ವಾರ ಬಿಟ್ಟು, ಉಳಿದದ್ದನ್ನು ಮತ್ತೆ ಐದು ದಿನ ಏರಿಸಿದರು. ಚಂಪಿಯ ಕೂದಲು ದಿಂಬಿಗೆ ಅಂಟಿಕೊಂಡು ಬಂತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಎನ್ನುತ್ತಿದ್ದಳು. ಗಂಟು ನೆಲ್ಲಿಕಾಯಿಯಾಯಿತು, ಕಡಲೆಯಾಯಿತು, ಆಮೇಲೆ ಡಾಕ್ಟರರ ಬೆರಳಿಗೂ ಸಿಗದಾಯಿತು. ಆ ದಿನಗಳಲ್ಲೇ ಒಮ್ಮೆ, "ಅವ್ವಾ, ಕಿವಿಯಾಗ ಜೀರುಂಡಿ ಕೂಗಾಕತ್ತಾವ," ಎಂದಳು. ಹಗಲು ಹೊತ್ತು, ಎಲ್ಲೂ ಜೀರುಂಡೆ ಇರಲಿಲ್ಲ. "ಮೊದಲು ಸಣ್ಣ ದನಿ ಹೋಗ್ತಾವ," ಎಂದರು ಡಾಕ್ಟರ್. "ಹಕ್ಕಿ ದನಿ, ಗೆಜ್ಜಿ ದನಿ. ಬಿಳಿ ಹೋಗೂಮುಂದ ಸ್ವಲ್ಪ ಒಯ್ದ ಹೋಗ್ತೈತಿ." ಎಷ್ಟು ಒಯ್ಯುತ್ತದೆ ಎಂದು ನಾನು ಕೇಳಲಿಲ್ಲ.

ನಮ್ಮ ಬಲೆಯಲ್ಲಿ ಈಗ ಚಂಪಿಯ ಒಂದೇ ಎಳೆ. ಅವಳ ಅಪ್ಪ ಸಂಜೆ ಬಂದು ತಮ್ಮದನ್ನು ಸಿಕ್ಕಿಸುವ ತನಕ ಹಗಲೆಲ್ಲ ಒಂದೆಳೆಯ ಉರಿ, ಎಣ್ಣೆದೀಪಕ್ಕಿಂತ ತುಸು ದೊಡ್ಡದು. ಎದ್ದು ಓಡಾಡುವಂತಾದ ಮೇಲೆ ಅಡುಗೆ ಅವಳದೇ. ನಾನು ಹೊರಗಿನಿಂದ ಹೇಳುವುದು, ಅವಳು ಒಳಗೆ ಮಾಡುವುದು. "ಉಪ್ಪು ಹಾಕಿದೇನು?" "ಹಾಂ?" "ಉಪ್ಪು!" "ಸೊಪ್ಪು ಎಲ್ಲೈತಿ ಅವ್ವಾ?"

ಮಾಗಿಯ ಚಳಿಯಲ್ಲಿ, ಬೆಳಗಿನ ಹೊತ್ತು, ಲಗಮವ್ವ ಹಡೆದಳು. ನಾನು ಕಲ್ಲಿನ ಮೇಲಿದ್ದೆ. ಅವಳ ಮನೆಯಲ್ಲಿ ಸೂಲಗಿತ್ತಿ ಹಂಡೆಗೆ ನೀರು ಕಾಯಿಸುತ್ತಿದ್ದಳು. ಕಿಟಕಿಯಲ್ಲಿ ಉರಿಯ ಕೆಂಪು ಕಾಣುತ್ತಿತ್ತು. ಕೂಸು ಅತ್ತಿತು. ಅತ್ತ ಕೂಡಲೇ ಕಿಟಕಿ ಕಪ್ಪಾಯಿತು. ತುಸು ಹೊತ್ತಿಗೆ ಸೂಲಗಿತ್ತಿ ಒಂದು ಗಂಟನ್ನು ಎದೆಗವಚಿಕೊಂಡು ಹೊರಗೆ ಬಂದು ಕಲ್ಲಿನ ಹತ್ತಿರ ನಿಂತಳು. ತಾನು ಒಳಗೆ ಹೋಗಿ ನೀರು ಕಾಯಿಸಬೇಕು, ಕೂಸನ್ನು ಹೊರಗೆ ಹಿಡಿಯುವವರು ಬೇಕು. ನಮ್ಮ ಅತ್ತೆ ಹೋಗಿ ಕೈ ಚಾಚಿದರು. ಹೆಣ್ಣು ಕೂಸು.

ಅಂದಿನಿಂದ ಅದು ಅತ್ತೆಯ ಕೆಲಸವಾಯಿತು. ಬಾಣಂತಿಗೆ ಬಿಸಿನೀರು ಬೇಕು, ಕಾಸಿಕೊಳ್ಳಲು ಉರಿ ಬೇಕು, ಗಂಜಿ ಬೇಕು. ಅಷ್ಟು ಹೊತ್ತೂ ಕೂಸು ಹೊರಗಿರಬೇಕು. ದಿನಕ್ಕೆ ಮೂರು ಸಲ ಅತ್ತೆ ಎದುರುಮನೆಯ ಕಲ್ಲಿನ ಮೇಲೆ ಕೂತು, ಕುಪ್ಪಸದೊಳಗೆ ಕೂಸನ್ನು ಸೇರಿಸಿಕೊಂಡು, ಮೇಲೆ ಎರಡು ಕೌದಿ ಹೊದ್ದು ಬೆನ್ನು ಗಾಳಿಗೆ ಕೊಟ್ಟು ಕೂರುತ್ತಿದ್ದರು. ಲಗಮವ್ವ ಕೂಸನ್ನು ಕೊಡುವಾಗಲೂ ಮಾತಿಲ್ಲ, ತೆಗೆದುಕೊಳ್ಳುವಾಗಲೂ ಮಾತಿಲ್ಲ. ಅವಳ ಗಂಡ ಮೋನಪ್ಪನ ಹತ್ತಿರ ಹೋಗಿ ಬಂದ. ಸರದಿಯಲ್ಲಿ ಮುಂದೆ ಐದು ಕೂಸುಗಳಿದ್ದವು. ಆ ತಿಂಗಳು ಊರಲ್ಲಿ ಯಾರೂ ಸಾಯಲಿಲ್ಲ. ಎಂಟನೆಯ ದಿನ ಕೂಸಿಗೆ ಕೆಮ್ಮು ಹತ್ತಿತು. ಡಾಕ್ಟರ್ ಬಂದು ನೋಡಿ, "ಬೆಚ್ಚಗ ಇಡಬೇಕು," ಎಂದರು. ಅಂದವರು ನನ್ನ ಕಡೆ ನೋಡದೆ ಹೊರಟುಹೋದರು.

ಹತ್ತೊಂಬತ್ತನೆಯ ದಿನದ ಬೆಳಿಗ್ಗೆ ಲಗಮವ್ವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ನಮ್ಮಲ್ಲೂ ಉರಿಯುತ್ತಿತ್ತು. ಅವರ ಕಲ್ಲಿನ ಮೇಲೆ ಅತ್ತೆ, ನಮ್ಮ ಕಲ್ಲಿನ ಮೇಲೆ ನಾನು. ಅತ್ತೆ ಎಂದಿನಂತೆ ತೂಗುತ್ತಿದ್ದರು. ತೂಗುವುದು ನಿಂತಿತು. ಕೌದಿ ಸರಿಸಿ ಒಮ್ಮೆ ಒಳಗೆ ನೋಡಿ ಮತ್ತೆ ಮುಚ್ಚಿಕೊಂಡರು. ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಅವರು ಬೇಡವೆಂದು ಕೈಯಾಡಿಸಿದರು. ಒಳಗಿನಿಂದ ಲಗಮವ್ವನ ದನಿ ಕೇಳಿಸಿತು, ಹತ್ತೊಂಬತ್ತು ದಿನದಲ್ಲಿ ಮೊದಲ ಸಲ: "ನೀರು ಕಾದಾವ, ಅತ್ತಿ. ಕೂಸಿನ್ನ ಕೊಡು, ಎರೀತೀನಿ."

"ಅವಸರ ಇಲ್ಲವ್ವ," ಎಂದರು ಅತ್ತೆ. "ಮೊದಲು ನೀ ಬೆಚ್ಚಗ ಎರಕೊ."

ಸಾವಾದ ಮನೆಗೆ ಹೋಗುವ ರೂಢಿಯಂತೆ ಮಧ್ಯಾಹ್ನ ಮೋನಪ್ಪ ಚಿಮಟ ಹಿಡಿದುಕೊಂಡು ಬಂದ. ಬಾಗಿಲ ತನಕ ಬಂದ ಮೇಲೆ ಅವನಿಗೆ ನೆನಪಾಯಿತು. ಚಿಮಟವನ್ನು ಜೇಬಿಗೆ ಹಾಕಿಕೊಂಡು ಒಂದಿಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದು ಹೋದ. ತೆಗೆಯಲು ಅಲ್ಲಿ ಏನೂ ಇರಲಿಲ್ಲ. ಹೆಸರಿಡುವುದು ಇಪ್ಪತ್ತೊಂದನೆಯ ದಿನಕ್ಕೆಂದು ಗೊತ್ತಾಗಿತ್ತು, ಹಾಗಾಗಿ ಹೆಸರೂ ಇರಲಿಲ್ಲ.

ನಾಲ್ಕು ತಿಂಗಳು ನಾನು ಬಾಯಿ ಬಿಡಲಿಲ್ಲ. ಬಟ್ಟೆ ಒಗೆದೆ, ನೀರು ಸೇದಿದೆ, ಚಂಪಿಯ ತಲೆಯಲ್ಲಿ ಹುಟ್ಟುತ್ತಿದ್ದ ಮೃದು ಕೂದಲಿಗೆ ಎಣ್ಣೆ ಹಚ್ಚಿದೆ. ಅವಳ ತಲೆ ಮುಟ್ಟುವಾಗಲೆಲ್ಲ ಎದುರುಮನೆಯ ಕಿಟಕಿಯಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ಅತ್ತೆ ಈಗಲೂ ಒಲೆ ಹೊತ್ತಿಸುವ ಹೊತ್ತಿಗೆ ಎದುರ ಕಲ್ಲಿಗೇ ಹೋಗಿ ಕೂರುತ್ತಾರೆ. ಲಗಮವ್ವ ಒಂದು ಲೋಟ ಚಹಾ ತಂದು ಅವರ ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಾಳೆ.

ಕಳೆದ ವಾರ ಲಗಮವ್ವ ಅಂಗಳ ಗುಡಿಸುತ್ತಿದ್ದಾಗ ನಾನು ರಸ್ತೆ ದಾಟಿ ಹೋದೆ. ನಿಂತುಕೊಂಡೇ ಹೇಳಿದೆ. ಜಡ್ಡಿಗೆ ಬೇಕಾಗಿದ್ದದ್ದು ಒಂದೇ ಎಳೆ ಎಂದು. ತಂಬಿಗೆ ಜಾರಿದ್ದು, ಕಾಗದ ಕಿತ್ತದ್ದು, ಡಬ್ಬಿ, ಕಪ್ಪು. ದಾರ ಬಿಚ್ಚುವಾಗ ನನಗೆ ಗೊತ್ತಿತ್ತು ಎಂದೂ ಹೇಳಿದೆ. ಅವಳು ಕಸಬರಿಗೆ ಹಿಡಿದುಕೊಂಡು ಕೇಳಿದಳು. ಅತ್ತೆ ಕಲ್ಲಿನ ಮೇಲೆ ತಲೆ ಬಗ್ಗಿಸಿಕೊಂಡಿದ್ದರು.

"ಡಬ್ಬಿ ಇನ್ನೂ ಐತೇನು?" ಎಂದಳು ಲಗಮವ್ವ.

"ಐತಿ."

"ಅದರಾಗ ಏನ್ ಇಡ್ತಿ?"

"ಏನೂ ಇಡೂದಿಲ್ಲ."

"ಕೊಡು ಇಲ್ಲಿ."

ತಂದುಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿದಳು. ತಳದ ಕಪ್ಪನ್ನು ಉಗುರಿನಿಂದ ಗೀರಿದಳು. "ಇಷ್ಟನ?" ಎಂದಳು. ಮರುದಿನ ಬೆಳಿಗ್ಗೆ ನಾನು ಕಲ್ಲಿನ ಮೇಲೆ ಬಂದು ಕೂತಾಗ ಆ ಡಬ್ಬಿ ಅವಳ ಅಂಗಳದ ನಡುವೆ, ನನಗೆ ನೇರ ಎದುರಿಗೆ ಇತ್ತು. ಕೋಳಿಗಳಿಗೆ ನೀರು ಇಟ್ಟಿದ್ದಳು. ಕೋಳಿಗಳು ಕುಡಿದು ಕುಡಿದು ಮುಖ ಎತ್ತುತ್ತಿದ್ದವು. ದಿನಾ ಕುಡಿಯುತ್ತವೆ. ದಿನಾ ಅವಳು ಅದನ್ನು ತಿಕ್ಕಿ ತೊಳೆದು, ತುಂಬಿ, ಅದೇ ಜಾಗದಲ್ಲಿ ಇಡುತ್ತಾಳೆ.

ಇವತ್ತು ಬೆಳಿಗ್ಗೆ ಅದನ್ನೇ ನೋಡುತ್ತ ಕೂತಿದ್ದೆ. ಅನ್ನ ಸೀಯುವ ವಾಸನೆ ಬಂತು. "ಚಂಪೀ, ಅನ್ನ ಇಳಿಸು," ಎಂದೆ. ಒಳಗಿನಿಂದ ಸದ್ದಿಲ್ಲ. ಬಾಗಿಲಿಗೆ ಹೋಗಿ ನಿಂತೆ. ಅವಳು ಒಲೆಯ ಪಕ್ಕ ನನಗೆ ಬೆನ್ನು ಹಾಕಿ ಕೂತು, ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಓದುತ್ತಿದ್ದಳು. ಮೂಗಿಗೂ ಮೊದಲಿನ ಚುರುಕಿಲ್ಲ. ಮತ್ತೆ ಕೂಗಿದೆ. ಎದುರುಮನೆಯಲ್ಲಿ ಅತ್ತೆ ತಲೆಯೆತ್ತಿ ನೋಡಿದರು, ಲಗಮವ್ವ ಕಿಟಕಿಗೆ ಬಂದಳು, ಬೀದಿಯ ಕೊನೆಯಲ್ಲಿ ಯಾರೋ ತಿರುಗಿದರು. ಅಷ್ಟು ದೂರದವರಿಗೆಲ್ಲ ಕೇಳಿಸಿತು. ಐದು ಮಾರು ದೂರದ ಚಂಪಿ ಹಾಳೆ ಮಗುಚಿದಳು. ಪಾತ್ರೆಯ ಅಂಚಿನಿಂದ ಹೊಗೆ ಏಳುತ್ತಿತ್ತು, ಅವಳ ಲಂಗದ ತುದಿ ಒಲೆಯ ಪಕ್ಕದಲ್ಲೇ ಬಿದ್ದಿತ್ತು.

ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟೆ. ಉರಿ ಆರಿತು.

ಚಂಪಿ ಪುಸ್ತಕ ಮುಚ್ಚಿ, ತಿರುಗಿ ನೋಡದೆಯೇ, ಆರಿದ ಒಲೆಯ ಕಡೆ ನೋಡುತ್ತ, "ಬಂದ್ಯಾ ಅವ್ವಾ?" ಎಂದಳು.